ಮೊದಲು ಕೆಲಸ, ಆಮೇಲೆ ಕೋರ್ಸ್

2025ರ ಜುಲೈನಲ್ಲಿ ಟಿಸಿಎಸ್ ತನ್ನ ನೌಕರರಲ್ಲಿ ಶೇ 2ರಷ್ಟು, ಅಂದರೆ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿತ ಮಾಡುವುದಾಗಿ ಪ್ರಕಟಿಸಿತು. ಐ.ಟಿ. ವಲಯದಲ್ಲಿ ಕೆಲಸ ಹೋಗುವುದು ಹೊಸದೇನಲ್ಲ. ಈ ಸಲ ಬೆಂಗಳೂರಿನ ಮನೆಗಳನ್ನು ಹೆಚ್ಚು ಕಲಕಿದ್ದು, ಏಟು ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರ ಮೇಲೆ ಬೀಳುತ್ತದೆ ಎಂಬ ಮಾತು. ಹದಿನೈದು–ಇಪ್ಪತ್ತು ವರ್ಷ ದುಡಿದವರು ಇವರು. ಫ್ಲ್ಯಾಟಿನ ಸಾಲ ಅರ್ಧ ತೀರಿರುತ್ತದೆ, ಮಗಳು ಎಸ್ಸೆಸ್ಸೆಲ್ಸಿಯಲ್ಲಿರುತ್ತಾಳೆ, ಊರಿನಲ್ಲಿ ಅಪ್ಪನ ಔಷಧಿಯ ಖರ್ಚು ತಿಂಗಳಿಂದ ತಿಂಗಳಿಗೆ ಏರುತ್ತಿರುತ್ತದೆ. ಇಂಥ ಮನೆಗಳಲ್ಲಿ ರಾತ್ರಿ ಊಟ ಮುಗಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಈಗಲಾದರೂ ಹೊಸದೇನಾದರೂ ಕಲಿಯಬೇಕೇ? ಕಲಿತು ಇದೇ ಸಾಲಿನಲ್ಲಿ ಮೇಲಕ್ಕೆ ಹೋಗುವುದೇ, ಇಲ್ಲ ಕಸುಬನ್ನೇ ಬದಲಿಸಿಬಿಡುವುದೇ?

ಖಾಸಗಿ ಶಾಲೆಯ ಶಿಕ್ಷಕಿ, ಗಾರ್ಮೆಂಟ್ಸ್ ಸೂಪರ್‌ವೈಸರ್, ಮೆಡಿಕಲ್ ರೆಪ್, ಸಣ್ಣ ಕಾರ್ಖಾನೆಯ ಅಕೌಂಟೆಂಟ್, ಇವರೆಲ್ಲರ ಮನೆಯಲ್ಲೂ ಈಗ ಇದೇ ಮಾತು ನಡೆಯುತ್ತಿದೆ. ಉತ್ತರ ಕೊಡಲು ಜನ ತುದಿಗಾಲಲ್ಲಿ ನಿಂತಿದ್ದಾರೆ. ಮೊಬೈಲ್ ತೆರೆದರೆ ಆರು ತಿಂಗಳಲ್ಲಿ ಡೇಟಾ ಸೈಂಟಿಸ್ಟ್ ಮಾಡುತ್ತೇವೆ ಎನ್ನುವ ಜಾಹೀರಾತು. ಒಮ್ಮೆ ನಂಬರ್ ಕೊಟ್ಟರೆ ದಿನಕ್ಕೆ ಹತ್ತು ಕರೆ. ವಿಶ್ವ ಆರ್ಥಿಕ ವೇದಿಕೆ 2025ರಲ್ಲಿ ಪ್ರಕಟಿಸಿದ ಉದ್ಯೋಗ ವರದಿಯನ್ನು ಇವರೆಲ್ಲ ಮುಂದೆ ಹಿಡಿಯುತ್ತಾರೆ. 2030ರ ಹೊತ್ತಿಗೆ ಉದ್ಯೋಗಗಳಿಗೆ ಬೇಕಾದ ಮುಖ್ಯ ಕೌಶಲಗಳಲ್ಲಿ ಶೇ 39ರಷ್ಟು ಬದಲಾಗುತ್ತವೆ, ಜಗತ್ತಿನ ಪ್ರತಿ ನೂರು ಕೆಲಸಗಾರರಲ್ಲಿ 59 ಮಂದಿಗೆ ಮರುತರಬೇತಿ ಬೇಕಾಗುತ್ತದೆ ಎಂಬ ಅಂದಾಜು ಅದರಲ್ಲಿದೆ. ಅಂದಾಜು ಸರಿಯೇ ಇರಬಹುದು. ಆದರೆ ಆ 59 ಮಂದಿ ಯಾವ ಊರಲ್ಲಿ, ಯಾವ ವಯಸ್ಸಿನಲ್ಲಿ, ಏನನ್ನು ಕಲಿತರೆ ಯಾರು ಕೆಲಸ ಕೊಡುತ್ತಾರೆ ಎಂಬುದನ್ನು ಜಗತ್ತಿನ ಲೆಕ್ಕ ಹೇಳುವುದಿಲ್ಲ. ರಾಜಾಜಿನಗರದ ಒಂದು ಸಂಸಾರಕ್ಕೆ ಬೇಕಾಗಿರುವುದು ಅದೇ.

ಬಹುತೇಕರು ಈ ವಿಷಯವನ್ನು ಹಿಡಿಯುವುದೇ ತಲೆಕೆಳಗಾಗಿ. ಯಾವ ಕೋರ್ಸ್ ಮಾಡಲಿ ಎಂಬಲ್ಲಿಂದ ಶುರು ಮಾಡುತ್ತಾರೆ. ಫೀ ಕಟ್ಟುತ್ತಾರೆ, ಕಷ್ಟಪಟ್ಟು ಓದುತ್ತಾರೆ, ಸರ್ಟಿಫಿಕೇಟ್ ಹಿಡಿದು ಕೆಲಸ ಹುಡುಕಲು ಹೊರಡುತ್ತಾರೆ. ಕೆಲಸ ಎಲ್ಲಿದೆ, ಕೊಡುವವರು ಯಾರು, ನಲವತ್ತು ದಾಟಿದವರನ್ನು ತೆಗೆದುಕೊಳ್ಳುತ್ತಾರೆಯೇ, ಮೊದಲ ವರ್ಷದ ಸಂಬಳ ಎಷ್ಟು ಎಂಬುದನ್ನು ಮೊದಲು ತಿಳಿದುಕೊಂಡು, ಆ ಬಾಗಿಲಿಗೂ ತನಗೂ ನಡುವೆ ಇರುವ ಕೊರತೆಯನ್ನಷ್ಟೇ ತುಂಬಲು ಕೋರ್ಸ್ ಹುಡುಕುವುದು ಸರಿಯಾದ ಕ್ರಮ. ಹೇಳಲು ಇದು ಸುಲಭ. ಈ ಕ್ರಮ ತಪ್ಪಿದಾಗ ಇಡೀ ಊರುಗಳಿಗೇ ಏನಾಯಿತು ಎಂಬುದಕ್ಕೆ ದಾಖಲೆ ಇದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್ ಪಟ್ಟಣದಲ್ಲಿ ಜನರಲ್ ಮೋಟರ್ಸ್ ಕಾರ್ಖಾನೆ 2008ರ ಡಿಸೆಂಬರ್ 23ರಂದು, ಕ್ರಿಸ್ಮಸ್‌ಗೆ ಎರಡು ದಿನ ಮುಂಚೆ, ಜೋಡಣೆ ನಿಲ್ಲಿಸಿತು. ತಲೆಮಾರುಗಳಿಂದ ಅಪ್ಪ–ಮಕ್ಕಳು ಅಲ್ಲೇ ದುಡಿದಿದ್ದರು. ಸರ್ಕಾರದ ನೆರವಿನಿಂದ ನೂರಾರು ಮಂದಿ ಹತ್ತಿರದ ಬ್ಲ್ಯಾಕ್‌ಹಾಕ್ ತಾಂತ್ರಿಕ ಕಾಲೇಜಿಗೆ ಸೇರಿದರು. ಅವರಲ್ಲಿ ಕೆಲವರಿಗೆ ಕಂಪ್ಯೂಟರ್ ಆನ್ ಮಾಡುವುದೂ ಗೊತ್ತಿಲ್ಲ ಎಂಬುದು ಮೇಷ್ಟ್ರುಗಳಿಗೆ ಗೊತ್ತಾದದ್ದು ತರಗತಿ ಶುರುವಾದ ಮೇಲೆ. ಕಾಲೇಜಿನವರು ಪ್ರಾಮಾಣಿಕವಾಗಿ ಶ್ರಮಿಸಿದರು, ಕಾರ್ಮಿಕರೂ ಬೆವರು ಸುರಿಸಿ ಓದಿದರು. ‘ವಾಷಿಂಗ್ಟನ್ ಪೋಸ್ಟ್’ ವರದಿಗಾರ್ತಿ ಏಮಿ ಗೋಲ್ಡ್‌ಸ್ಟೀನ್ ವರ್ಷಗಟ್ಟಲೆ ಈ ಊರನ್ನು ಹಿಂಬಾಲಿಸಿ 2017ರಲ್ಲಿ ಪುಸ್ತಕ ಬರೆದರು. ಅರ್ಥಶಾಸ್ತ್ರಜ್ಞರ ಜೊತೆ ಕೂತು ಆ ಭಾಗದ ಅಂಕಿಅಂಶ ತೆಗೆದು ನೋಡಿದಾಗ ಅವರಿಗೇ ಅಚ್ಚರಿಯಾಯಿತು. ಕೆಲಸ ಕಳೆದುಕೊಂಡವರಲ್ಲಿ ಮರುತರಬೇತಿ ಪಡೆದವರಿಗಿಂತ ಪಡೆಯದೇ ಇದ್ದವರ ಕೈಗೇ ಕೆಲಸ ಹೆಚ್ಚು ಸಿಕ್ಕಿತ್ತು, ಗಳಿಕೆಯೂ ಹೆಚ್ಚಿತ್ತು.

ಓದಿದ್ದರಿಂದ ಅವರು ಕೆಟ್ಟರು ಎಂದು ಇದರ ಅರ್ಥವಲ್ಲ. ಅವರು ಕಾಲೇಜಿನಲ್ಲಿ ಇದ್ದಷ್ಟು ಕಾಲ ಊರಿನಲ್ಲಿ ಉಳಿದಿದ್ದ ನಾಲ್ಕು ಕೆಲಸಗಳನ್ನು ಬೇರೆಯವರು ಹಿಡಿದುಕೊಂಡಿದ್ದರು. ಇವರು ಹೊರಬರುವ ಹೊತ್ತಿಗೆ ಕಲಿತ ವಿದ್ಯೆಗೆ ಕೆಲಸ ಕೊಡುವವರು ಆ ಸೀಮೆಯಲ್ಲಿ ಇರಲಿಲ್ಲ. ಇನ್ನೊಂದು ಗುಂಪು ಓದಲು ಹೋಗದೆ, ಅದೇ ಕಂಪನಿಯ ಬೇರೆ ರಾಜ್ಯಗಳ ಕಾರ್ಖಾನೆಗಳಿಗೆ ವರ್ಗ ತೆಗೆದುಕೊಂಡಿತು. ಅವರು ವಾರವೆಲ್ಲ ಅಲ್ಲಿ ದುಡಿದು, ರಜೆಯಲ್ಲಿ ನೂರಾರು ಮೈಲಿ ಕಾರು ಓಡಿಸಿಕೊಂಡು ಮನೆಗೆ ಬರುತ್ತಿದ್ದರು. ಹಳೆಯ ಸಂಬಳ ಉಳಿದದ್ದು ಅವರಿಗೆ. ಅದಕ್ಕೆ ತೆತ್ತದ್ದು ಮಕ್ಕಳ ಜೊತೆಗಿನ ದಿನಗಳನ್ನು.

ಕರ್ನಾಟಕದವರಿಗೆ ಈ ಕತೆ ಕೇಳಿದರೆ ಕೆಜಿಎಫ್ ನೆನಪಾಗದೆ ಇರದು. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿತು. ಮೂರು ಕಿಲೊಮೀಟರಿಗೂ ಆಳಕ್ಕೆ ಇಳಿದು, ಬಂಡೆಯ ಸದ್ದು ಕೇಳಿಯೇ ಅಪಾಯ ಊಹಿಸಬಲ್ಲ ಜನ ಒಂದು ದಿನದಲ್ಲಿ ಕಸುಬಿಲ್ಲದವರಾದರು. ಆ ವಿದ್ಯೆಗೆ ರಾಜ್ಯದಲ್ಲಿ ಉಳಿದ ದೊಡ್ಡ ಜಾಗ ರಾಯಚೂರು ಜಿಲ್ಲೆಯ ಹಟ್ಟಿ ಒಂದೇ. ಬಹುಪಾಲು ಮನೆಗಳಿಗೆ ದಾರಿಯಾದದ್ದು ರೈಲು. ಮಾರಿಕುಪ್ಪಂನಲ್ಲಿ ಬೆಳಗಿನ ಜಾವ ಹತ್ತಿ, ಬಂಗಾರಪೇಟೆ ದಾಟಿ, ಸುಮಾರು ನೂರು ಕಿಲೊಮೀಟರು ದೂರದ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮರಳುವುದು. ಗಣಿ ಕಾರ್ಮಿಕರು ಸೆಕ್ಯೂರಿಟಿ ಗಾರ್ಡ್‌ಗಳಾದರು, ಕಟ್ಟಡ ಕೆಲಸಕ್ಕೆ ಹೋದರು. ಓದಿದ ಮಕ್ಕಳು ಕಾಲ್‌ಸೆಂಟರು, ಆಸ್ಪತ್ರೆ, ಐ.ಟಿ. ಕಂಪನಿಗಳನ್ನು ಸೇರಿದರು. ಆ ಊರನ್ನು ಸಾಕಿದ್ದು ಯಾವ ತರಬೇತಿ ಕೇಂದ್ರವೂ ಅಲ್ಲ, ಬೆಂಗಳೂರಿನಲ್ಲಿ ಕೆಲಸ ಇತ್ತು ಎಂಬ ಸಂಗತಿ. ಅಪ್ಪಂದಿರ ಅಷ್ಟು ದೊಡ್ಡ ಅನುಭವ ಮಾತ್ರ ಗೇಟಿನ ಮುಂದಿನ ಕುರ್ಚಿಯಲ್ಲಿ ಕೂತು ವ್ಯರ್ಥವಾಯಿತು. ಅದನ್ನು ನೆನೆದಾಗ ಇವತ್ತಿಗೂ ಸಂಕಟವಾಗುತ್ತದೆ.

ಮರುತರಬೇತಿ ಚೆನ್ನಾಗಿ ಫಲಿಸಿದ ಉದಾಹರಣೆಯೂ ಕನ್ನಡದ ಓದುಗರ ಕಣ್ಣೆದುರಿಗೇ ಇದೆ. ಅದು ಅಚ್ಚಿನ ಮನೆಯಲ್ಲಿ ನಡೆದದ್ದು.

ನಲವತ್ತು ವರ್ಷಗಳ ಹಿಂದೆ ಯಾವ ಸಣ್ಣ ಊರಿನ ಪ್ರೆಸ್ಸಿಗೆ ಹೋದರೂ ಇಳಿಜಾರು ಕೇಸಿನ ಮುಂದೆ ನಿಂತ ಕಂಪೋಸಿಟರ್ ಕಾಣುತ್ತಿದ್ದ. ಎಡಗೈಯಲ್ಲಿ ಸ್ಟಿಕ್ಕು, ಬಲಗೈ ಕೇಸಿನ ಮನೆಗಳ ನಡುವೆ ಕಣ್ಣಿನ ಹಂಗಿಲ್ಲದೆ ಓಡುತ್ತಿತ್ತು. ಕನ್ನಡದಲ್ಲಿ ಕಾಗುಣಿತಕ್ಕೆ ಬೇರೆ ಮೊಳೆ, ಒತ್ತಕ್ಷರಕ್ಕೆ ಬೇರೆ ಮೊಳೆ. ಇಂಗ್ಲಿಷಿಗಿಂತ ಎಷ್ಟೋ ಪಾಲು ಹೆಚ್ಚು ಮನೆಗಳು. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡಂತೆ ಉಲ್ಟಾ. ಅಚ್ಚಾದ ಮೇಲೆ ಒಂದೊಂದೇ ಮೊಳೆಯನ್ನು ಮತ್ತೆ ಅದರದರ ಮನೆಗೆ ಸೇರಿಸಬೇಕು. ಈ ಕೈಚಳಕ ಬರಲು ವರ್ಷಗಳೇ ಹಿಡಿಯುತ್ತಿದ್ದವು. ಆಫ್‌ಸೆಟ್ಟೂ ಡಿಟಿಪಿಯೂ ಬಂದಾಗ ಆ ಕೈಚಳಕಕ್ಕೆ ಬೆಲೆ ಇಲ್ಲವಾಯಿತು.

ಆದರೂ ಕಂಪ್ಯೂಟರಿನ ಮುಂದೆ ಕೂತು ದಡ ಸೇರಿದ ಕಂಪೋಸಿಟರುಗಳು ಬಹಳ ಮಂದಿ. ಪ್ರಕಾಶಕ್, ಶ್ರೀಲಿಪಿಯಂಥ ತಂತ್ರಾಂಶಗಳ ಕೀಲಿಮಣೆ ಕಲಿಯುವುದು ಕೆಲವು ತಿಂಗಳ ಮಾತು. 1998ರಲ್ಲಿ ‘ಬರಹ’ ತಂತ್ರಾಂಶ ಬಂದ ಮೇಲೆ ಇನ್ನೂ ಸಲೀಸಾಯಿತು. ಅವರ ಜೊತೆಗೆ ಹೊಸ ಕುರ್ಚಿಗೆ ಬಂದದ್ದು ಬೇರೆ ವಿದ್ಯೆ. ಮಹಾಪ್ರಾಣ ಎಲ್ಲಿ, ಒತ್ತು ಎಲ್ಲಿ ಎಂಬ ತಿಳಿವಳಿಕೆ. ಲೇಖಕರ ಕಾಗೆಕಾಲು ಗುಬ್ಬಿಕಾಲು ಕೈಬರಹ ಓದುವ ತಾಳ್ಮೆ. ಸಾಲು ಎಲ್ಲಿ ಮುರಿದರೆ ಪುಟ ಚೆನ್ನ, ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಯಾರ ಕೆಳಗೆ ಬರಬೇಕು ಎಂಬ ಅನುಭವ. ಕಂಪ್ಯೂಟರ್ ಮಾತ್ರ ಕಲಿತ ಹುಡುಗನಿಗೆ ಇದೆಲ್ಲ ಗೊತ್ತಿರಲಿಲ್ಲ. ಮುಖ್ಯವಾದ ಇನ್ನೊಂದು ಸಂಗತಿ, ಪ್ರೆಸ್ಸಿನ ಮಾಲೀಕ ಕಂಪ್ಯೂಟರ್ ಕೊಂಡು ಕೆಲಸ ತಯಾರಾಗಿಟ್ಟಿದ್ದ. ಕಲಿಯುವ ತಿಂಗಳುಗಳಲ್ಲೂ ಸಂಬಳ ನಿಂತಿರಲಿಲ್ಲ. ಬ್ಯಾಂಕುಗಳಲ್ಲೂ ಹೀಗೇ ನಡೆಯಿತು. 1983ರಲ್ಲಿ ಬ್ಯಾಂಕುಗಳ ಸಂಘಕ್ಕೂ ನೌಕರರ ಸಂಘಟನೆಗಳಿಗೂ ಯಂತ್ರೀಕರಣದ ಬಗ್ಗೆ ಒಪ್ಪಂದವಾದ ಮೇಲೆ ಲೆಡ್ಜರ್ ಬರೆಯುತ್ತಿದ್ದ ಗುಮಾಸ್ತರು ಹಂತಹಂತವಾಗಿ ಕೀಬೋರ್ಡಿಗೆ ಬಂದರು. ಕಲಿಸಿದ್ದು ಬ್ಯಾಂಕೇ, ಅದರ ಖರ್ಚಿನಲ್ಲೇ.

ಇದ್ದ ವಿದ್ಯೆಯ ಮೇಲೆ ಇನ್ನೊಂದು ಪದರ ಹಾಕಿದವರು ಗೆಲ್ಲುವ ಸಾಧ್ಯತೆ, ಇದ್ದುದನ್ನೆಲ್ಲ ಬಿಸಾಡಿ ಸೊನ್ನೆಯಿಂದ ಶುರು ಮಾಡಿದವರಿಗಿಂತ ಹೆಚ್ಚು. ಜಾವಗಲ್ ಶ್ರೀನಾಥ್ ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವರು. 2003ರಲ್ಲಿ ಆಟ ಬಿಟ್ಟ ಮೇಲೆ ಅವರ ಎರಡನೆಯ ವೃತ್ತಿ ಕಟ್ಟಿದ್ದು ಆ ಡಿಗ್ರಿಯ ಮೇಲಲ್ಲ. 2006ರಿಂದ ಐಸಿಸಿಯ ಮ್ಯಾಚ್ ರೆಫರಿ. ಮುಂಬೈಯ ಔಷಧ ಕಂಪನಿಯಲ್ಲಿ ಬಯೊಕೆಮಿಸ್ಟ್ ಆಗಿದ್ದ ಜಯಂತ ಕಾಯ್ಕಿಣಿ ಐವತ್ತರ ಹೊಸ್ತಿಲು ದಾಟಿ ‘ಮುಂಗಾರು ಮಳೆ’ಯ ಹಾಡುಗಳಿಂದ ಮನೆಮಾತಾದಾಗ, ಎಲ್ಲ ಬಿಟ್ಟು ಹೊಸ ದಾರಿ ಹಿಡಿದವರ ಉದಾಹರಣೆಯಾಗಿ ಅವರನ್ನು ತೋರಿಸಿದವರಿದ್ದಾರೆ. ಅವರ ಮೊದಲ ಕವನ ಸಂಕಲನ ಬಂದದ್ದು 1974ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ. ಮೂರು ದಶಕದ ಬರವಣಿಗೆ ಬೆನ್ನಿಗಿತ್ತು. ಯಶಸ್ಸಿನ ಇಂಥ ಕತೆಗಳನ್ನು ಅರ್ಧ ಹೇಳಿ ಜನರನ್ನು ಹುರಿದುಂಬಿಸುವುದು ಸರಿಯಲ್ಲ. ಗೆದ್ದವರ ಹಿಂದೆ ಎಷ್ಟು ವರ್ಷಗಳ ತಯಾರಿ ಇತ್ತು ಎಂಬುದನ್ನೂ ಹೇಳಬೇಕು.

ದುಡ್ಡಿನ ಲೆಕ್ಕಕ್ಕೆ ಬರೋಣ. ಇಲ್ಲಿ ಜನ ಹೆಚ್ಚು ಎಡವುತ್ತಾರೆ, ಹಾಗಾಗಿ ಲೆಕ್ಕವನ್ನು ಪೂರ್ತಿ ಹಾಕಿಯೇ ನೋಡಬೇಕು. ತಿಂಗಳಿಗೆ ₹70 ಸಾವಿರ ಕೈಗೆ ಬರುವ 42 ವರ್ಷದ ಒಬ್ಬ ಟೆಸ್ಟಿಂಗ್ ಎಂಜಿನಿಯರ್ ಎಂದುಕೊಳ್ಳಿ. ₹3 ಲಕ್ಷ ಫೀ ಇರುವ ಒಂದು ವರ್ಷದ ಕೋರ್ಸಿಗೆ ಕೆಲಸ ಬಿಟ್ಟು ಸೇರಿದರೆ ಖರ್ಚು ಮೂರು ಲಕ್ಷ ಎಂದು ಮನೆಯವರು ಭಾವಿಸುತ್ತಾರೆ. ಬಾರದೆ ಹೋದ ಸಂಬಳ ₹8.4 ಲಕ್ಷ. ಒಟ್ಟು ₹11.4 ಲಕ್ಷ. ಪಿ.ಎಫ್., ಕಂಪನಿಯ ಆರೋಗ್ಯ ವಿಮೆ ಬೇರೆ. ಹೊಸ ಕೆಲಸದಲ್ಲಿ ತಿಂಗಳಿಗೆ ₹15 ಸಾವಿರ ಹೆಚ್ಚು ಸಿಕ್ಕಿದರೂ ಹಾಕಿದ ಹಣ ಹಿಂದಿರುಗಲು 76 ತಿಂಗಳು, ಅಂದರೆ ಆರು ವರ್ಷ ನಾಲ್ಕು ತಿಂಗಳು ಬೇಕು. ಆಗ ಅವರ ವಯಸ್ಸು ಐವತ್ತರ ಹತ್ತಿರ. ಅದೇ ಕೋರ್ಸನ್ನು ಕೆಲಸದಲ್ಲಿದ್ದುಕೊಂಡೇ ಸಂಜೆ, ಭಾನುವಾರ ಓದಿ ಮುಗಿಸಿದರೆ ಇಪ್ಪತ್ತು ತಿಂಗಳಲ್ಲಿ ಹಣ ವಾಪಸು. ಹೊಸ ಕ್ಷೇತ್ರದಲ್ಲಿ ಫ್ರೆಶರ್ ಎಂದು ₹50 ಸಾವಿರಕ್ಕೆ ಸೇರಬೇಕಾಗಿ ಬಂದರೆ ಲೆಕ್ಕವೇ ಕೂಡುವುದಿಲ್ಲ. ಆಗಲೂ ಒಬ್ಬರು ಆ ಕೆಲಸವನ್ನು ಇಷ್ಟಪಟ್ಟು ಆರಿಸಿಕೊಳ್ಳಬಹುದು. ಮನಸ್ಸಿಗೆ ಒಗ್ಗದ ಕೆಲಸದಲ್ಲಿ ಇಪ್ಪತ್ತು ವರ್ಷ ಸವೆಸುವುದೂ ಸಣ್ಣ ನಷ್ಟವಲ್ಲ. ಆ ತೀರ್ಮಾನ ಮನೆಯವರೆಲ್ಲ ಕೂತು ಲೆಕ್ಕ ತಿಳಿದೇ ತೆಗೆದುಕೊಂಡದ್ದಾಗಿರಬೇಕು.

ಕಂತಿನಲ್ಲಿ ಕಟ್ಟಿ, ಬಡ್ಡಿಯಿಲ್ಲ ಎನ್ನುವ ಕೋರ್ಸುಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಎಷ್ಟೋ ಕಡೆ ಆ ಕಂತು ತರಬೇತಿ ಸಂಸ್ಥೆಗೆ ಹೋಗುವ ಫೀ ಆಗಿರುವುದಿಲ್ಲ, ಹಣಕಾಸು ಕಂಪನಿಯೊಂದರಿಂದ ನಿಮ್ಮ ಹೆಸರಿನಲ್ಲಿ ಎತ್ತಿದ ಸಾಲವಾಗಿರುತ್ತದೆ. ಕೋರ್ಸ್ ಅರ್ಧಕ್ಕೆ ಬಿಟ್ಟರೂ, ಸಂಸ್ಥೆ ಮುಚ್ಚಿದರೂ ಸಾಲ ನಿಲ್ಲುವುದಿಲ್ಲ. ಸಹಿ ಹಾಕುವ ಮೊದಲು ಸಾಲ ಕೊಡುವವರು ಯಾರು ಎಂದು ಬರಹದಲ್ಲಿ ಕೇಳಿ.

ಇಷ್ಟೆಲ್ಲ ಕಟ್ಟುವ ಮೊದಲು ಆ ವಿಷಯ ತಲೆಗೆ ಹತ್ತುತ್ತದೆಯೇ ಎಂದು ನೋಡಲು ಅಗ್ಗದ ದಾರಿಗಳಿವೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ 2003ರಲ್ಲಿ ಶುರು ಮಾಡಿದ ಎನ್‌ಪಿಟಿಇಎಲ್‌ನಲ್ಲಿ ಪಾಠ ಕೇಳಲು ದುಡ್ಡಿಲ್ಲ. ಪರೀಕ್ಷೆ ಬರೆಯಲು ಸುಮಾರು ಒಂದು ಸಾವಿರ ರೂಪಾಯಿ, ಅದೂ ಕೇಂದ್ರಕ್ಕೆ ಹೋಗಿ ಕೂತು ಬರೆಯಬೇಕು. ಹನ್ನೆರಡು ವಾರದ ಒಂದು ಪಾಠವನ್ನು ಕೆಲಸದ ಜೊತೆಗೆ ಮುಗಿಸಲು ಆಗದವರಿಗೆ ಮೂರು ಲಕ್ಷದ ಕೋರ್ಸೂ ಭಾರವೇ ಆಗುತ್ತದೆ. ಇದ್ದ ಜಾಗದಲ್ಲೇ ಮೇಲೇರಬೇಕು ಎನ್ನುವವರಿಗಂತೂ ಫಲ ಮೊದಲೇ ಬರೆದಿಟ್ಟ ಪರೀಕ್ಷೆಗಳಿವೆ. ಬ್ಯಾಂಕಿನವರಿಗೆ ಜೆಎಐಐಬಿ, ಸಿಎಐಐಬಿ ಪಾಸಾದರೆ ಇನ್‌ಕ್ರಿಮೆಂಟ್ ಇದೆ. ರಾಜ್ಯ ಸರ್ಕಾರಿ ನೌಕರರಿಗೆ ಕೆಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆಗಳಿವೆ; ಅಕೌಂಟ್ಸ್ ಹೈಯರ್, ಜನರಲ್ ಲಾ ಪಾಸಾಗದೆ ಬಡ್ತಿ ನಿಂತುಹೋದವರು ಪ್ರತಿ ಕಚೇರಿಯಲ್ಲೂ ಸಿಗುತ್ತಾರೆ. ಡಿಪ್ಲೊಮಾ ಮಾಡಿ ಕಾರ್ಖಾನೆ ಸೇರಿದವರಿಗೆ ಡಿಸಿಇಟಿ ಬರೆದು ನೇರ ಎರಡನೆಯ ವರ್ಷದ ಬಿ.ಇ.ಗೆ ಸೇರುವ ದಾರಿ ಇದೆ.

ಓದಿ ಪಡೆಯುವ ಕಾಗದ ನಾಳೆ ಚಲಾವಣೆಯಲ್ಲಿರುತ್ತದೆಯೇ ಎಂಬುದು ಬೇರೆಯೇ ಆತಂಕ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012–13ರ ನಂತರ ಮಾನ್ಯತೆ ಇಲ್ಲ ಎಂದು ಯುಜಿಸಿ ಹೇಳಿದ್ದು 2015ರ ಜೂನ್‌ನಲ್ಲಿ. ವ್ಯಾಪ್ತಿ ಮೀರಿ ಅಧ್ಯಯನ ಕೇಂದ್ರ ನಡೆಸಿದ್ದು, ತಾಂತ್ರಿಕ ಕೋರ್ಸುಗಳನ್ನು ದೂರಶಿಕ್ಷಣದಲ್ಲಿ ಕೊಟ್ಟದ್ದು ಆಕ್ಷೇಪದ ಮೂಲ. ಅಷ್ಟರಲ್ಲಿ ಕೆಲಸದ ಜೊತೆ ಓದಿ, ಬಡ್ತಿಗೆಂದು ಪರೀಕ್ಷೆ ಬರೆದಿದ್ದ ಅಸಂಖ್ಯ ಜನರ ಡಿಗ್ರಿ ತೂಗುಯ್ಯಾಲೆಯಲ್ಲಿ ಬಿತ್ತು. ಮಾನ್ಯತೆ ಮರಳಿದ್ದು 2018ರಲ್ಲಿ. ಇನ್ನೊಂದು ಉದಾಹರಣೆ ಶಿಕ್ಷಕರದ್ದು. ಬಿ.ಇಡಿ. ಆದವರೂ 1ರಿಂದ 5ನೇ ತರಗತಿಗೆ ಕಲಿಸಬಹುದು ಎಂದು 2018ರಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) ಅಧಿಸೂಚನೆ ಹೊರಡಿಸಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆಗಲೇ ನೇಮಕವಾಗಿದ್ದವರಿಗೆ ಮುಂದೆ ರಕ್ಷಣೆ ಸಿಕ್ಕಿತು. ಆ ಕೆಲಸ ನಂಬಿ ಎರಡು ವರ್ಷ ಬಿ.ಇಡಿ. ಓದುತ್ತಿದ್ದವರಿಗೆ ಬಾಗಿಲು ಮುಚ್ಚಿತು. ಇಬ್ಬರದೂ ತಪ್ಪಿರಲಿಲ್ಲ. ದೂರಶಿಕ್ಷಣಕ್ಕೆ ಸೇರುವವರು ಯುಜಿಸಿಯ ಪಟ್ಟಿಯಲ್ಲಿ ಆ ವಿಶ್ವವಿದ್ಯಾಲಯದ ಹೆಸರಿದೆ ಎಂಬಷ್ಟಕ್ಕೆ ನಿಲ್ಲದೆ, ತಾವು ಸೇರುವ ಕೋರ್ಸು, ಆ ವರ್ಷ, ಆ ಪಟ್ಟಿಯಲ್ಲಿದೆಯೇ ಎಂದು ನೋಡಲೇಬೇಕು ಎಂಬ ಪಾಠ ಮಾತ್ರ ಉಳಿಯಿತು.

ಕೆಲಸ ಮೊದಲು, ಕಲಿಕೆ ಆಮೇಲೆ ಎಂಬ ಕ್ರಮವನ್ನು ನಾಲ್ಕು ದಶಕಗಳ ಹಿಂದೆಯೇ ನಡೆಸಿ ತೋರಿಸಿದ ಒಂದು ಸಂಸ್ಥೆ ದಕ್ಷಿಣ ಕನ್ನಡದ ಉಜಿರೆಯಲ್ಲಿದೆ. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್‌ಗಳ ಜೊತೆ ಸೇರಿ ಕಟ್ಟಿದ ರುಡ್‌ಸೆಟಿ. ಅಲ್ಲೇ ಉಳಿದು, ಪುಕ್ಕಟೆ ಊಟ ವಸತಿಯೊಂದಿಗೆ ಕೆಲವು ವಾರ ಕಲಿಯುವುದು. ಮೋಟರ್ ರಿವೈಂಡಿಂಗ್, ಮೊಬೈಲ್ ರಿಪೇರಿ, ಹೊಲಿಗೆ, ಹೈನುಗಾರಿಕೆ, ಫೋಟೊಗ್ರಫಿ, ಹೀಗೆ ಊರಿನಲ್ಲಿ ಗಿರಾಕಿ ಇರುವ ಕಸುಬುಗಳು. ತರಬೇತಿಯ ನಡುವೆ ಮಾರುಕಟ್ಟೆ ಸಮೀಕ್ಷೆಗೆಂದು ಹೊರಗೆ ಕಳಿಸುತ್ತಾರೆ. ತನ್ನ ಊರಿನ ಪೇಟೆಯಲ್ಲಿ ಈಗಾಗಲೇ ಎಷ್ಟು ಅಂಗಡಿ ಇವೆ, ಸಾಮಾನು ಎಲ್ಲಿಂದ ಬರುತ್ತದೆ, ಯಾವ ದರ ನಡೆಯುತ್ತದೆ ಎಂದು ಅಭ್ಯರ್ಥಿಯೇ ಕೇಳಿ ಬರಬೇಕು. ಪ್ರತಿ ಬೆಳಿಗ್ಗೆ ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದು ಯಾವುದು ಎಂದು ಎದ್ದು ನಿಂತು ಹೇಳಬೇಕು. ಮುಗಿದ ಮೇಲೆ ಬ್ಯಾಂಕ್ ಸಾಲಕ್ಕೆ ದಾರಿ ಮಾಡಿಕೊಟ್ಟು ಎರಡು ವರ್ಷ ಬೆನ್ನು ಹತ್ತಿ ವಿಚಾರಿಸುತ್ತಾರೆ.

ಅಲ್ಲಿ ಆಡಿಸುವ ಒಂದು ಆಟ ಈ ಚರ್ಚೆಗೆ ನೇರ ಸಂಬಂಧಪಟ್ಟದ್ದು. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆಗಳು. ಎಷ್ಟು ದೂರದಿಂದ ಎಸೆಯುತ್ತೀರಿ ಎಂಬುದನ್ನು ಆಡುವವರೇ ಆರಿಸಿಕೊಳ್ಳಬೇಕು. ದೂರ ಹೋದಷ್ಟೂ ಅಂಕ ಹೆಚ್ಚು. ಕೆಲವರು ಗೂಟದ ಪಕ್ಕದಲ್ಲೇ ನಿಂತು ಬಳೆ ಇಳಿಬಿಡುತ್ತಾರೆ. ಕೆಲವರು ಕೊನೆಯ ಗೆರೆಗೆ ಹೋಗಿ ಅದೃಷ್ಟಕ್ಕೆ ಬಿಡುತ್ತಾರೆ. ಮೊದಲ ಎಸೆತ ತಪ್ಪಿದಾಗ ಒಂದು ಹೆಜ್ಜೆ ಮುಂದೆ, ಬಿದ್ದಾಗ ಒಂದು ಹೆಜ್ಜೆ ಹಿಂದೆ ಸರಿದು ತನ್ನ ಅಳವನ್ನು ಕಂಡುಕೊಳ್ಳುವವರ ಮೇಲೆ ಶಿಕ್ಷಕರ ಕಣ್ಣು. ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್‌ಕ್ಲೆಲೆಂಡ್ ಅವರ ಪ್ರಯೋಗಗಳಿಂದ ಬಂದ ಆಟ ಇದು. 1964ರಲ್ಲಿ ಆಂಧ್ರದ ಕಾಕಿನಾಡದ ವ್ಯಾಪಾರಿಗಳಿಗೆ ಅವರ ತಂಡ ತರಬೇತಿ ಕೊಟ್ಟಿತ್ತು. ಕೆಲಸ ಬಿಟ್ಟು ಹೊಸದಕ್ಕೆ ಧುಮುಕಲು ಹೊರಟವರು ಮನೆಯಂಗಳದಲ್ಲಿ ಒಮ್ಮೆ ಈ ಆಟ ಆಡಿ ನೋಡಬಹುದು. ತಾನು ಯಾವ ಗೆರೆಯಲ್ಲಿ ನಿಲ್ಲುವವನು ಎಂಬುದು ಯಾವ ಆಪ್ತಸಮಾಲೋಚಕರಿಗಿಂತಲೂ ಬೇಗ ತಿಳಿಯುತ್ತದೆ. 2009ರ ನಂತರ ಕೇಂದ್ರ ಸರ್ಕಾರ ರುಡ್‌ಸೆಟಿಯ ಮಾದರಿಯಲ್ಲೇ ಜಿಲ್ಲೆಗೊಂದು ಸಂಸ್ಥೆ ಎಂದು ದೇಶದಾದ್ಯಂತ ಹರಡಿತು; ಇವತ್ತು ಅವು ಐನೂರಕ್ಕೂ ಹೆಚ್ಚಿವೆ.

ಮಕ್ಕಳನ್ನು ನೋಡಿಕೊಳ್ಳಲು ಕೆಲಸ ಬಿಟ್ಟ ಹೆಣ್ಣುಮಕ್ಕಳ ಸ್ಥಿತಿ ಇನ್ನೂ ಬಿಗಿ. ಐದಾರು ವರ್ಷದ ನಂತರ ಮರಳಲು ಹೋದರೆ ಹಳೆಯ ಅನುಭವಕ್ಕೆ ಬೆಲೆ ಕಟ್ಟುವುದಿಲ್ಲ; ಅವರು ಕೋರ್ಸಿನ ಮೇಲೆ ಕೋರ್ಸು ಮಾಡುತ್ತ ಹೋಗುತ್ತಾರೆ. ಟಾಟಾ ಸಮೂಹ 2008ರಲ್ಲಿ ತಂದ ಎರಡನೆಯ ವೃತ್ತಿಯ ಇಂಟರ್ನ್‌ಶಿಪ್ ಇದನ್ನು ಸರಿಯಾಗಿ ಹಿಡಿದಿತ್ತು. ತರಗತಿಯಲ್ಲಿ ಕೂರಿಸುವ ಬದಲು ಕಂಪನಿಯ ನಿಜವಾದ ಕೆಲಸವನ್ನೇ, ಮನೆಗೆ ಹೊಂದುವ ವೇಳೆಯಲ್ಲಿ, ಸಂಬಳ ಕೊಟ್ಟು ಮಾಡಿಸುವುದು. ಇಂಥ ಬಾಗಿಲುಗಳು ಹತ್ತು ಪಟ್ಟು ಆಗಬೇಕು.

ಎಲ್ಲ ಹೊರೆಯನ್ನೂ ಒಬ್ಬೊಬ್ಬರ ಹೆಗಲಿಗೇ ಹೊರಿಸಿ, ನೀನು ಸರಿಯಾಗಿ ಆರಿಸಿಕೊಳ್ಳಲಿಲ್ಲ ಎನ್ನುವುದು ಅನ್ಯಾಯ. ಕರ್ನಾಟಕ ಕಲಿಕೆಯ ಮೇಲೆ ಹಣ ಹಾಕಿಲ್ಲ ಎನ್ನುವಂತಿಲ್ಲ. 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ₹4,600 ಕೋಟಿಗೂ ಮಿಕ್ಕ ವೆಚ್ಚದಲ್ಲಿ ಹೊಸದಾಗಿಸಿದೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ, ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಆದವರಿಗೆ ₹1,500ರಂತೆ ಗರಿಷ್ಠ ಎರಡು ವರ್ಷ ಕೊಡುತ್ತದೆ. ಎರಡರ ಕಣ್ಣೂ ಇರುವುದು ಆಗಷ್ಟೇ ಓದು ಮುಗಿಸಿದ ಯುವಕರ ಮೇಲೆ. ನಲವತ್ತೆರಡರಲ್ಲಿ ಕೆಲಸ ಕಳೆದುಕೊಂಡವರಿಗೆ ಇಎಸ್‌ಐ ಇದ್ದರೆ ತೊಂಬತ್ತು ದಿನ ಅರ್ಧ ಸಂಬಳದ ಭತ್ಯೆ ಇದೆ. ತಿಂಗಳಿಗೆ ₹21 ಸಾವಿರದ ಮೇಲೆ ಸಂಬಳ ಇದ್ದವರು ಸಾಮಾನ್ಯವಾಗಿ ಇಎಸ್‌ಐ ವ್ಯಾಪ್ತಿಯಲ್ಲೇ ಇರುವುದಿಲ್ಲ.

ಸಿಂಗಪುರ 2016ರಲ್ಲಿ 25 ದಾಟಿದ ಪ್ರತಿ ಪ್ರಜೆಯ ಹೆಸರಿನಲ್ಲಿ ಕಲಿಕೆಗೆಂದು 500 ಸಿಂಗಪುರ ಡಾಲರ್ ಇಟ್ಟಿತು. 2024ರಲ್ಲಿ, ನಲವತ್ತು ದಾಟಿದವರಿಗೆ ಇನ್ನೂ 4,000 ಡಾಲರ್ ಸೇರಿಸಿತು. ಮರುವರ್ಷದಿಂದ ಅದೇ ವಯಸ್ಸಿನವರು ಪೂರ್ಣಾವಧಿ ಓದಿಗೆ ಕೂತರೆ ಹಿಂದಿನ ಸರಾಸರಿ ಗಳಿಕೆಯ ಅರ್ಧ, ತಿಂಗಳಿಗೆ ಗರಿಷ್ಠ 3,000 ಡಾಲರ್‌ವರೆಗೆ ಭತ್ಯೆ. ಸಣ್ಣ ಶ್ರೀಮಂತ ದೇಶ ಅದು, ಹಾಗೇ ನಕಲು ಮಾಡಲಾಗದು. ಆದರೆ ಮಧ್ಯವಯಸ್ಸಿನವರಿಗೆ ಫೀಗಿಂತ ದೊಡ್ಡ ಅಡ್ಡಿ ಕಲಿಯುವ ತಿಂಗಳುಗಳ ಮನೆಖರ್ಚು ಎಂಬುದನ್ನು ಆ ಸರ್ಕಾರ ಅರ್ಥ ಮಾಡಿಕೊಂಡಿದೆ.

ನಮ್ಮಲ್ಲೂ ಕಾನೂನಿನ ಪುಟದಲ್ಲಿ ಒಂದು ಆರಂಭವಾಗಿದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ಮರುಕೌಶಲ ನಿಧಿ ಇದೆ. ಕಾರ್ಮಿಕರನ್ನು ಕಡಿತದ ಹೆಸರಿನಲ್ಲಿ ಕೆಲಸದಿಂದ ತೆಗೆದಾಗ, ಒಬ್ಬೊಬ್ಬರಿಗೂ ಕೊನೆಯ ಹದಿನೈದು ದಿನದ ಸಂಬಳದಷ್ಟು ಹಣವನ್ನು ಮಾಲೀಕರು ಆ ನಿಧಿಗೆ ಕಟ್ಟಬೇಕು. 45 ದಿನದೊಳಗೆ ಅದು ಕಾರ್ಮಿಕರ ಖಾತೆ ಸೇರಬೇಕು. ಹದಿನೈದು ದಿನದ ಸಂಬಳದಲ್ಲಿ ಹೊಸ ಕಸುಬು ಕಲಿಯಲು ಯಾರಿಂದಲೂ ಆಗದು. ಅದೂ ಮ್ಯಾನೇಜರ್ ಕೆಲಸದವರಿಗೆ, ₹18 ಸಾವಿರಕ್ಕಿಂತ ಹೆಚ್ಚು ಸಂಬಳದ ಸೂಪರ್‌ವೈಸರುಗಳಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಸಂಹಿತೆಯ ಪ್ರಕಾರ ಅವರು ಕಾರ್ಮಿಕರೇ ಅಲ್ಲ. ಟಿಸಿಎಸ್‌ನ ಆ ಜುಲೈ ಸುದ್ದಿಗೆ ಬೆಚ್ಚಿದ ಮನೆಗಳಲ್ಲಿ ಹೆಚ್ಚಿನವು ಹೀಗೆ ಹೊರಗುಳಿಯುತ್ತವೆ.

ಮಾಲೀಕರ ವಂತಿಗೆಯ ಜೊತೆಗೆ ಬೇರೆ ಮೂಲಗಳಿಂದಲೂ ಈ ನಿಧಿಗೆ ಹಣ ತುಂಬಲು ಅದೇ ಸಂಹಿತೆ ಸರ್ಕಾರಗಳಿಗೆ ಅವಕಾಶ ಕೊಟ್ಟಿದೆ. ಐ.ಟಿ. ವಲಯದಿಂದ ಇಷ್ಟು ಬೆಳೆದ ಕರ್ನಾಟಕ ಅದನ್ನು ಬಳಸಿ, ನಲವತ್ತು ದಾಟಿ ಕೆಲಸ ಕಳೆದುಕೊಂಡವರಿಗೆ ಕನಿಷ್ಠ ಆರು ತಿಂಗಳು ಕಲಿಕಾ ಭತ್ಯೆ ಕೊಡಬೇಕು. ಸೂಪರ್‌ವೈಸರುಗಳನ್ನೂ ಮ್ಯಾನೇಜರುಗಳನ್ನೂ ರಾಜ್ಯದ್ದೇ ಯೋಜನೆಯಡಿ ಸೇರಿಸಿಕೊಳ್ಳಬೇಕು. ಹೊಸದಾಗಿಸಿದ ಆ 150 ಐಟಿಐಗಳ ಯಂತ್ರಗಳು ಸಂಜೆ ಐದರ ನಂತರ ಬೀಗದೊಳಗೆ ಇರಬೇಕಾಗಿಲ್ಲ; ದುಡಿಯುವವರಿಗೆಂದು ರಾತ್ರಿ ಒಂಬತ್ತರವರೆಗೆ ತರಗತಿ ನಡೆಯಲಿ. ತರಬೇತಿಗೆ ಸರ್ಕಾರದ ಹಣ ಪಡೆಯುವ ಪ್ರತಿ ಸಂಸ್ಥೆಯೂ ಹಿಂದಿನ ವರ್ಷ ಕಲಿತವರಲ್ಲಿ 35 ದಾಟಿದವರು ಎಷ್ಟು, ಅವರಲ್ಲಿ ಎಷ್ಟು ಮಂದಿಗೆ ಯಾವ ಊರಿನಲ್ಲಿ ಯಾವ ಸಂಬಳಕ್ಕೆ ಕೆಲಸ ಸಿಕ್ಕಿತು ಎಂಬುದನ್ನು ಫೀ ಬರೆಯುವ ಬೋರ್ಡಿನ ಮೇಲೆಯೇ ಬರೆದು ಹಾಕಲಿ.